403 ಬಂದಾಗ ಮೊದಲ ಪ್ರಶ್ನೆ: ತಡೆದದ್ದು ಯಾರು?

ಸೈಟಿನಲ್ಲಿ ‘403 ಫರ್ಬಿಡನ್’ ಕಂಡ ಕೂಡಲೇ ತುಂಬ ಜನ ಮಾಡುವ ಕೆಲಸ ಒಂದೇ. ಇಡೀ ಫೋಲ್ಡರಿಗೆ 777 ಪರ್ಮಿಷನ್ (ಯಾರು ಬೇಕಾದರೂ ಓದಬಹುದು, ಬರೆಯಬಹುದು, ಓಡಿಸಬಹುದು) ಕೊಟ್ಟುಬಿಡುವುದು. ದಯವಿಟ್ಟು ಅದನ್ನು ಮಾಡಬೇಡಿ. ಎಷ್ಟೋ ಸಲ ಅದರಿಂದ ತೊಂದರೆ ಹೋಗುವುದೇ ಇಲ್ಲ. ಹೋದರೂ, ಆ ಸರ್ವರಿನಲ್ಲಿ ಓಡುವ ಯಾವ ಪ್ರೋಗ್ರಾಂ ಬೇಕಾದರೂ ನಿಮ್ಮ ಫೈಲುಗಳನ್ನು ತಿದ್ದಬಹುದು ಎನ್ನುವ ಸ್ಥಿತಿ ಉಳಿದುಬಿಡುತ್ತದೆ. ನಿಜವಾದ ಕಾರಣ ಏನಿತ್ತು ಅನ್ನುವುದು ಮಾತ್ರ ಯಾವತ್ತೂ ಗೊತ್ತಾಗುವುದಿಲ್ಲ.

403 ಅಂದರೆ ಸರ್ವರ್ ಕೆಟ್ಟಿದೆ ಅಂತಲ್ಲ. ನೀವು ಕೇಳಿದ್ದು ಅದಕ್ಕೆ ಅರ್ಥವಾಗಿದೆ, ಕೊಡಲು ಒಪ್ಪುತ್ತಿಲ್ಲ, ಅಷ್ಟೆ. ಹೀಗೆ ‘ಇಲ್ಲ’ ಅನ್ನುವ ಅಧಿಕಾರ ಸಿಡಿಎನ್‌ಗೂ (ಸೈಟಿನ ಮುಂದೆ ನಿಂತು ಪುಟಗಳನ್ನು ಹಂಚುವ ಸೇವೆ) ಇದೆ, ಫೈರ್‌ವಾಲ್‌ಗೂ ಇದೆ, ವೆಬ್ ಸರ್ವರಿನ ಸೆಟ್ಟಿಂಗಿಗೂ ಇದೆ. ಲಿನಕ್ಸಿನ ಫೈಲ್ ಪರ್ಮಿಷನ್, ಅದರ ಮೇಲಿನ ಇನ್ನೊಂದು ಭದ್ರತಾ ಪದರವಾದ ಎಸ್‌ಇಲಿನಕ್ಸ್, ನಿಮ್ಮದೇ ಆ್ಯಪ್ ಕೂಡ ತಡೆಯಬಹುದು. ಒಂದೊಂದನ್ನು ಸರಿಮಾಡುವ ದಾರಿ ಒಂದೊಂದು. ಹಾಗಾಗಿ ಏನನ್ನಾದರೂ ಬದಲಿಸುವ ಮೊದಲು, ತಡೆದದ್ದು ಯಾರು ಅಂತ ಪತ್ತೆ ಮಾಡಬೇಕು. ಅದು ಗೊತ್ತಾದರೆ ಉಳಿದ ಕೆಲಸ ಸಾಮಾನ್ಯವಾಗಿ ಒಂದೆರಡು ಸಾಲಿನದು.

ನಂಬರನ್ನು ಸರಿಯಾಗಿ ಓದಿ

401 ಮತ್ತು 403 ಎರಡೂ ಒಂದೇ ಅಂತ ಅಂದುಕೊಳ್ಳುವವರು ಬಹಳ ಜನ. 401 ಬಂದರೆ, ನೀವು ಯಾರು ಅಂತ ಸರ್ವರಿಗೆ ಗೊತ್ತಾಗಿಲ್ಲ. ಲಾಗಿನ್ ಆಗಿಲ್ಲ, ಪಾಸ್‌ವರ್ಡ್ ತಪ್ಪಿದೆ, ಟೋಕನ್ ಅವಧಿ ಮುಗಿದಿದೆ, ಇಂಥದ್ದೇನೋ ಆಗಿರುತ್ತದೆ. ಅಲ್ಲಿ ಫೈಲ್ ಪರ್ಮಿಷನ್ ಮುಟ್ಟುವ ಅಗತ್ಯವೇ ಇಲ್ಲ. 403 ಬಂದರೆ, ಅದೇ ಅಕೌಂಟಿನಿಂದ ಮತ್ತೆ ಮತ್ತೆ ಲಾಗಿನ್ ಆದರೂ ಉತ್ತರ ಬದಲಾಗುವುದಿಲ್ಲ.

429 ಬಂದರೆ ಕಡಿಮೆ ಹೊತ್ತಿನಲ್ಲಿ ತುಂಬ ರಿಕ್ವೆಸ್ಟ್ ಕಳಿಸಿದ್ದೀರಿ. ಸ್ವಲ್ಪ ಕಾದು ನೋಡಿ. 451 ಅಂದರೆ ಕಾನೂನಿನ ಕಾರಣಕ್ಕೆ ತಡೆ. ಲಾರಾವೆಲ್ ಫ್ರೇಮ್‌ವರ್ಕಿನಲ್ಲಿ ಮಾಡಿದ ಸೈಟು 419 ತೋರಿಸಿದರೆ ಫಾರ್ಮಿನ ಸಿಎಸ್‌ಆರ್‌ಎಫ್ ಟೋಕನ್ (ಫಾರ್ಮು ಆ ಸೈಟಿನದೇ ಅನ್ನುವ ಗುರುತು) ಹಳತಾಗಿದೆ. ಅಪಾಚೆ ವೆಬ್ ಸರ್ವರಿನ ಸೆಟ್ಟಿಂಗ್ ಇರುವ ‘.ಎಚ್‌ಟಿಆ್ಯಕ್ಸೆಸ್’ ಫೈಲನ್ನು ತಿದ್ದಿದ ಮೇಲೆ 500 ಬಂದರೆ ಆ ಫೈಲಿನಲ್ಲಿ ಬರವಣಿಗೆಯೇ ತಪ್ಪಿದೆ, ಅದು ಅನುಮತಿಯ ಸಮಸ್ಯೆಯಲ್ಲ.

404 ಮಾತ್ರ ನಂಬಿಕಸ್ತನಲ್ಲ. ಒಂದು ಪುಟ ಇದೆ ಅನ್ನುವುದನ್ನೇ ಮುಚ್ಚಿಡಬೇಕು ಅಂದಾಗ ಸರ್ವರ್ 403 ಬದಲು 404 ಕೊಡಬಹುದು, ನಿಯಮದಲ್ಲೇ ಅದಕ್ಕೆ ಅವಕಾಶ ಇದೆ. ಗಿಟ್‌ಹಬ್‌ನಲ್ಲಿ ಬೇರೆಯವರ ಪ್ರೈವೇಟ್ ರೆಪೊ ತೆರೆಯಲು ಹೋದರೆ 404 ಸಿಗುವುದು ಇದೇ ಕಾರಣಕ್ಕೆ. ಫೈಲ್ ಇಡುವ ಸೇವೆಯಾದ ಅಮೆಜಾನ್ ಎಸ್3ಯಲ್ಲಿ ಇದು ತಿರುಗುಮುರುಗು. ಬಕೆಟ್ಟಿನ (ಅಲ್ಲಿನ ಫೈಲ್ ಸಂಗ್ರಹದ) ಪಟ್ಟಿ ನೋಡುವ ಅನುಮತಿ ನಿಮಗಿಲ್ಲದಿದ್ದರೆ, ಇಲ್ಲದ ಫೈಲ್ ಕೇಳಿದರೂ ಅದು 404 ಹೇಳುವುದಿಲ್ಲ, 403 ಹೇಳುತ್ತದೆ. ಪಾಲಿಸಿಯನ್ನೆಲ್ಲ (ಯಾರಿಗೆ ಏನು ಅನುಮತಿ ಅನ್ನುವ ನಿಯಮ) ಜಾಲಾಡುವ ಮೊದಲು ಫೈಲಿನ ಹೆಸರು ಸರಿ ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ.

ಸೈಟು ನಿಮ್ಮದಲ್ಲದಿದ್ದರೆ

ನೀವು ಬರೀ ನೋಡುವವರಾಗಿದ್ದರೆ ಮಾಡಬಹುದಾದದ್ದು ಕಡಿಮೆ, ಆದರೆ ಅದೂ ಉಪಯೋಗಕ್ಕೆ ಬರುತ್ತದೆ. ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆದು ನೋಡಿ. ಅಲ್ಲಿ ಸರಿಯಾಗಿ ಬಂದರೆ ಹಳೆಯ ಕುಕಿಯೋ ಬ್ರೌಸರಿನ ಎಕ್ಸ್‌ಟೆನ್ಷನ್ನೋ ಕಾರಣ. ಆ ಸೈಟಿನ ಕುಕಿಗಳನ್ನಷ್ಟೇ ಅಳಿಸಿದರೆ ಸಾಕು. ವಿಪಿಎನ್ ಹಾಕಿಕೊಂಡಿದ್ದರೆ ತೆಗೆದು ನೋಡಿ. ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ಪ್ರಯತ್ನಿಸಿ. ನೆಟ್‌ವರ್ಕ್ ಬದಲಿಸಿದಾಗ ಮಾತ್ರ ತೆರೆದರೆ ನಿಮ್ಮ ಐಪಿ ವಿಳಾಸವನ್ನು ತಡೆದಿದ್ದಾರೆ. ಆಗ ಸೈಟಿನವರಿಗೆ ಬರೆಯುವುದೇ ದಾರಿ. ಬರೆಯುವಾಗ ಸಮಯ, ಪೂರ್ತಿ ಲಿಂಕು, ನಿಮ್ಮ ಐಪಿ, ಪುಟದಲ್ಲಿ ಏನಾದರೂ ಗುರುತಿನ ಸಂಖ್ಯೆ ಇದ್ದರೆ ಅದು, ಇಷ್ಟನ್ನೂ ಕೊಡಿ. ಕ್ಲೌಡ್‌ಫ್ಲೇರ್ ಅನ್ನುವ ಸಿಡಿಎನ್ ತೋರಿಸುವ ಪುಟದ ಕೆಳಗೆ ‘ರೇ ಐಡಿ’ ಅಂತ ಇರುತ್ತದಲ್ಲ, ಅದೊಂದು ಸಿಕ್ಕರೆ ಸೈಟಿನವರಿಗೆ ಹುಡುಕುವ ಕೆಲಸ ತುಂಬ ಸುಲಭ. ಸುಮ್ನೆ ‘ಸೈಟ್ ತೆರೆಯುತ್ತಿಲ್ಲ’ ಅಂತ ಬರೆದರೆ ಅವರಿಗೆ ಏನೂ ಹೊಳೆಯುವುದಿಲ್ಲ.

ಇನ್ನು ಮುಂದಿನದೆಲ್ಲ ಸೈಟನ್ನು ನೋಡಿಕೊಳ್ಳುವವರಿಗೆ.

ರಿಕ್ವೆಸ್ಟ್ ಎಲ್ಲಿವರೆಗೆ ಬಂತು?

ಸರ್ವರಿನ ಆ್ಯಕ್ಸೆಸ್ ಲಾಗನ್ನು (ಬಂದ ರಿಕ್ವೆಸ್ಟುಗಳ ದಾಖಲೆ) ಒಂದು ಕಡೆ ತೆರೆದಿಟ್ಟುಕೊಳ್ಳಿ. ‘ಟೇಲ್ -ಎಫ್’ ಕೊಟ್ಟರೆ ಹೊಸ ಸಾಲುಗಳು ಬಂದ ಹಾಗೆ ಕಾಣಿಸುತ್ತವೆ. ಇನ್ನೊಂದು ಕಡೆ ತಡೆಯಾದ ಪುಟವನ್ನು ಒಮ್ಮೆ ತೆರೆಯಿರಿ. ಈಗ ಮೂರರಲ್ಲಿ ಒಂದು ಆಗುತ್ತದೆ.

ಆ್ಯಕ್ಸೆಸ್ ಲಾಗಿನಲ್ಲಿ ಸಾಲೇ ಬರಲಿಲ್ಲ ಅಂದರೆ ರಿಕ್ವೆಸ್ಟ್ ನಿಮ್ಮ ಸರ್ವರನ್ನು ಮುಟ್ಟಿಯೇ ಇಲ್ಲ. ಮುಂದೆ ಕೂತಿರುವ ಸಿಡಿಎನ್ನೋ ಲೋಡ್ ಬ್ಯಾಲೆನ್ಸರೋ ಅಲ್ಲೇ ತಡೆದಿದೆ. ಅಥವಾ ಡಿಎನ್‌ಎಸ್ (ಡೊಮೇನ್ ಹೆಸರಿಗೆ ಐಪಿ ಹುಡುಕಿಕೊಡುವ ವ್ಯವಸ್ಥೆ) ಇನ್ನೂ ಹಳೆಯ ಸರ್ವರನ್ನೇ ತೋರಿಸುತ್ತಿದೆ. ಸೈಟನ್ನು ಈಚೆಗೆ ಬೇರೆ ಹೋಸ್ಟಿಂಗಿಗೆ ಸಾಗಿಸಿದ್ದರೆ ಈ ಎರಡನೆಯದನ್ನೇ ಮೊದಲು ಅನುಮಾನಿಸಿ. ಹೊಸ ಸರ್ವರಿನಲ್ಲಿ ಎಷ್ಟು ಪರ್ಮಿಷನ್ ತಿದ್ದಿದರೂ ಆಗ ಪ್ರಯೋಜನವಿಲ್ಲ.

ಆ್ಯಕ್ಸೆಸ್ ಲಾಗಿನಲ್ಲಿ 403 ಇದೆ, ಎರರ್ ಲಾಗಿನಲ್ಲೂ ಅದೇ ಸಮಯಕ್ಕೆ ಒಂದು ಸಾಲು ಇದೆ ಅಂದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಕಾರಣ ಆ ಸಾಲಿನಲ್ಲೇ ಬರೆದಿರುತ್ತದೆ.

ಆ್ಯಕ್ಸೆಸ್ ಲಾಗಿನಲ್ಲಿ 403 ಇದೆ, ಎರರ್ ಲಾಗ್ ಮಾತ್ರ ಖಾಲಿ ಅಂದರೆ ಹೆಚ್ಚಿನ ಸಲ ತಡೆದದ್ದು ಆ್ಯಪ್. ಪಿಎಚ್‌ಪಿ, ಪೈಥಾನ್, ನೋಡ್, ಯಾವುದರಲ್ಲಿ ಬರೆದಿದ್ದೀರೋ ಅದು ತಾನಾಗಿಯೇ 403 ಕಳಿಸಿದೆ. ವೆಬ್ ಸರ್ವರ್ ಅದನ್ನು ದಾಟಿಸಿದೆ ಅಷ್ಟೆ. ಎನ್‌ಜಿನ್ಎಕ್ಸ್ ವೆಬ್ ಸರ್ವರಿನ ಸೆಟ್ಟಿಂಗಿನಲ್ಲಿ ಯಾರಾದರೂ ‘ರಿಟರ್ನ್ 403’ ಅಂತ ನೇರವಾಗಿ ಬರೆದಿಟ್ಟಿದ್ದರೂ ಹೀಗೇ ಆಗುತ್ತದೆ. ಒಮ್ಮೆ ಹುಡುಕಿ ನೋಡಿ.

ಸಿಡಿಎನ್ ಇದ್ದಾಗ ಹೆಡರಿನಲ್ಲಿರುವ (ಉತ್ತರದ ಜೊತೆ ಬರುವ ಮಾಹಿತಿ) ಸರ್ವರ್ ಹೆಸರನ್ನು ಮಾತ್ರ ನಂಬಬೇಡಿ. ಕ್ಲೌಡ್‌ಫ್ಲೇರ್ ಮೂಲಕ ಬಂದ ಎಲ್ಲ ಉತ್ತರದಲ್ಲೂ ಅದರ ಹೆಸರೇ ಇರುತ್ತದೆ, ತಡೆದದ್ದು ನಿಮ್ಮ ಸರ್ವರೇ ಆಗಿದ್ದರೂ. ಪುಟ ಹೇಗೆ ಕಾಣುತ್ತದೆ ನೋಡಿ. ಕ್ಲೌಡ್‌ಫ್ಲೇರಿನ ಗುರುತು, 1020 ಥರದ ಸಂಖ್ಯೆ ಇದ್ದರೆ ಅದು ಅವರ ಕಡೆಯ ನಿಯಮ. ಪುಟ ಸಪ್ಪೆಯಾಗಿದ್ದು ಗುರುತೇನೂ ಇಲ್ಲದಿದ್ದರೆ ನಿಮ್ಮ ಸರ್ವರಿನದು. ಇನ್ನೂ ಖಾತ್ರಿ ಬೇಕೆಂದರೆ ಸಿಡಿಎನ್ ದಾಟಿ ನೇರವಾಗಿ ಸರ್ವರನ್ನೇ ಕೇಳಬಹುದು. ‘ಕರ್ಲ್’ ಕಮಾಂಡಿನಲ್ಲಿ ‘ರಿಸಾಲ್ವ್’ ಅನ್ನುವ ಆಯ್ಕೆ ಇದೆ. ಈ ಡೊಮೇನಿಗೆ ಈ ಐಪಿ ಅಂತ ಅದರಲ್ಲಿ ಹೇಳಿದರೆ ಡಿಎನ್‌ಎಸ್ ಕೇಳದೆ ಅಲ್ಲಿಗೇ ಹೋಗುತ್ತದೆ. ನೇರವಾಗಿ ಕೇಳಿದಾಗ 200, ಸಿಡಿಎನ್ ಮೂಲಕ 403 ಅಂದರೆ ಎಲ್ಲಿ ನೋಡಬೇಕು ಅನ್ನುವುದು ಸ್ಪಷ್ಟವಾಯಿತಲ್ವಾ?

ಒಂದು ಎಚ್ಚರಿಕೆ. ಕರ್ಲ್‌ನಲ್ಲಿ ‘-ಐ’ (ಐ ದೊಡ್ಡಕ್ಷರ) ಕೊಟ್ಟರೆ ಅದು ಪುಟವನ್ನೇ ಕೇಳುವ ಗೆಟ್ ಅಲ್ಲ, ಬರೀ ಹೆಡರ್ ಕೇಳುವ ಹೆಡ್ ರಿಕ್ವೆಸ್ಟ್ ಕಳಿಸುತ್ತದೆ. ಕೆಲವು ಫೈರ್‌ವಾಲುಗಳು ಹೆಡ್ಡನ್ನೂ ತಡೆಯುತ್ತವೆ, ಕರ್ಲ್ ಅನ್ನುವ ಯೂಸರ್ ಏಜೆಂಟನ್ನೂ (ಕೇಳುವ ಪ್ರೋಗ್ರಾಂ ಹೇಳಿಕೊಳ್ಳುವ ಹೆಸರು) ತಡೆಯುತ್ತವೆ. ಬ್ರೌಸರಿನಲ್ಲಿ ಚೆನ್ನಾಗಿ ತೆರೆಯುವ ಪುಟ ಕರ್ಲ್‌ನಲ್ಲಿ 403 ಕೊಟ್ಟರೆ ಗಾಬರಿ ಬೇಡ. ಬ್ರೌಸರಿನ ಯೂಸರ್ ಏಜೆಂಟ್ ಹಾಕಿ, ಗೆಟ್‌ನಲ್ಲೇ ಕೇಳಿ.

ಎರರ್ ಲಾಗಿನ ಸಾಲು ಏನು ಹೇಳುತ್ತದೆ

ಎನ್‌ಜಿನ್ಎಕ್ಸ್ ಹೇಳುವುದು ಮುಖ್ಯವಾಗಿ ಮೂರು ಥರ. ‘13: ಪರ್ಮಿಷನ್ ಡಿನೈಡ್’ ಅಂದರೆ ಆಪರೇಟಿಂಗ್ ಸಿಸ್ಟಮ್ಮೇ ತಡೆದಿದೆ. ಅಲ್ಲಿಗೆ ಫೈಲ್ ಪರ್ಮಿಷನ್ನೋ ಎಸ್‌ಇಲಿನಕ್ಸೋ. ‘ಡೈರೆಕ್ಟರಿ ಇಂಡೆಕ್ಸ್ ಆಫ್ … ಈಸ್ ಫರ್ಬಿಡನ್’ ಅಂದರೆ ಆ ಫೋಲ್ಡರಿನಲ್ಲಿ ಮುಖಪುಟದ ಫೈಲ್ ಸಿಕ್ಕಿಲ್ಲ. ‘ಆ್ಯಕ್ಸೆಸ್ ಫರ್ಬಿಡನ್ ಬೈ ರೂಲ್’ ಅಂದರೆ ಸೆಟ್ಟಿಂಗಿನಲ್ಲಿ ನೀವೇ ಬರೆದ ‘ಡಿನೈ’ ಸಾಲು ಕೆಲಸ ಮಾಡಿದೆ.

ಅಪಾಚೆ ಇನ್ನೂ ಉದಾರಿ. ಪ್ರತಿ ಸಂದೇಶಕ್ಕೂ ಒಂದು ಸಂಖ್ಯೆ ಕೊಡುತ್ತದೆ, ಆ ಸಂಖ್ಯೆಯಿಂದಲೇ ಕಾರಣ ಬೇರ್ಪಡಿಸಬಹುದು. ಎಎಚ್00035 ಬಂದರೆ ಫೈಲಿಗೆ ಹೋಗುವ ದಾರಿಯ ಯಾವುದೋ ಒಂದು ಫೋಲ್ಡರ್ ದಾಟಲು ಅನುಮತಿ ಇಲ್ಲ. ಎಎಚ್00132 ಬಂದರೆ ದಾರಿ ಸರಿ ಇದೆ, ಫೈಲನ್ನು ಓದಲು ಆಗುತ್ತಿಲ್ಲ. ಎಎಚ್01276 ಮುಖಪುಟದ ಫೈಲ್ ಇಲ್ಲದ್ದಕ್ಕೆ. ಎಎಚ್00529 ಬಂದರೆ ‘.ಎಚ್‌ಟಿಆ್ಯಕ್ಸೆಸ್’ ಇದೆಯಾ ಅಂತ ನೋಡಲೂ ಅಪಾಚೆಗೆ ಆಗಿಲ್ಲ. ಅದರೊಳಗೆ ಏನು ನಿರ್ಬಂಧ ಇದೆಯೋ ಗೊತ್ತಿಲ್ಲದ ಕಾರಣ ಅದು ಎಲ್ಲವನ್ನೂ ತಡೆದುಬಿಡುತ್ತದೆ. ಸರಿಯಾದ ನಡೆಯೇ.

‘ಕ್ಲೈಂಟ್ ಡಿನೈಡ್ ಬೈ ಸರ್ವರ್ ಕಾನ್ಫಿಗರೇಷನ್’ ಅನ್ನುವ ಸಾಲು ಎರಡು ಸಂಖ್ಯೆಯಲ್ಲಿ ಬರುತ್ತದೆ, ಮಾತು ಮಾತ್ರ ಒಂದೇ. ಎಎಚ್01630 ಆದರೆ ಹೊಸ ಪದ್ಧತಿಯ ‘ರಿಕ್ವೈರ್’ ನಿಯಮ ತಡೆದಿದೆ. ಎಎಚ್01797 ಆದರೆ ಹಳೆಯ ‘ಆರ್ಡರ್, ಅಲೌ, ಡಿನೈ’ ಸಾಲುಗಳು. ಈ ಹಳೆಯವು ಅಪಾಚೆ 2.2 ಕಾಲದವು. 2012ರಲ್ಲಿ ಬಂದ 2.4ರಿಂದ ‘ರಿಕ್ವೈರ್ ಆಲ್ ಗ್ರಾಂಟೆಡ್’ ಬರೆಯಬೇಕು. ಎರಡನ್ನೂ ಒಂದೇ ಸೈಟಿನಲ್ಲಿ ಬೆರೆಸಿದರೆ ಯಾವುದು ಗೆಲ್ಲುತ್ತದೆ ಅಂತ ಊಹಿಸುವುದು ಕಷ್ಟ. ಹಳೆಯದನ್ನೆಲ್ಲ ತೆಗೆದು ಹೊಸದರಲ್ಲೇ ಬರೆಯುವುದು ಒಳ್ಳೆಯದು.

ಫೈಲ್ ಪರ್ಮಿಷನ್: ಫೈಲಿಗಿಂತ ದಾರಿಯನ್ನು ನೋಡಿ

ತುಂಬ ಜನ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಲಿನಕ್ಸಿನಲ್ಲಿ ಓದಲು 4, ಬರೆಯಲು 2, ಓಡಿಸಲು 1. ಇವನ್ನು ಕೂಡಿಸಿ ಮಾಲೀಕ, ಗುಂಪು, ಉಳಿದವರು ಅಂತ ಮೂರು ಅಂಕೆ ಬರೆಯುತ್ತೇವೆ. ಫೈಲಿಗೆ 644, ಫೋಲ್ಡರಿಗೆ 755 ಅನ್ನುವುದು ಎಲ್ಲರಿಗೂ ಬಾಯಿಪಾಠ. ಆದರೆ ಫೋಲ್ಡರಿನ ವಿಷಯದಲ್ಲಿ ಆ 1ಕ್ಕೆ ‘ಓಡಿಸು’ ಅಂತ ಅರ್ಥವಲ್ಲ. ‘ಇದನ್ನು ದಾಟಿ ಒಳಗೆ ಹೋಗಬಹುದು’ ಅಂತ ಅರ್ಥ. ಒಂದು ಫೈಲನ್ನು ಓದಬೇಕಾದರೆ ಬುಡದಿಂದ ಹಿಡಿದು ಅದರವರೆಗಿನ ಪ್ರತಿ ಫೋಲ್ಡರಿನಲ್ಲೂ ಈ ಅನುಮತಿ ಇರಬೇಕು. ಒಳಕೋಣೆಯ ಬಾಗಿಲು ತೆರೆದಿದ್ದು ಹೆಬ್ಬಾಗಿಲಿಗೆ ಬೀಗ ಇದ್ದರೆ ಏನು ಬಂತು? ಸೈಟಿನ ಫೋಲ್ಡರಿಗೆ ಮಾತ್ರ 777 ಕೊಟ್ಟರೂ 403 ಹೋಗದಿರುವುದು ಇದಕ್ಕೇ. ತಡೆ ಇರುವುದು ಅದರ ಮೇಲಿನ ಫೋಲ್ಡರಿನಲ್ಲಿ.

ಇದನ್ನು ಕಂಡುಹಿಡಿಯಲು ‘ನೇಮ್‌ಐ’ ಅನ್ನುವ ಚಿಕ್ಕ ಕಮಾಂಡ್ ಇದೆ. ಅದಕ್ಕೆ ‘-ಎಲ್’ ಕೊಟ್ಟು ಫೈಲಿನ ಪೂರ್ತಿ ದಾರಿ ಬರೆದರೆ ದಾರಿಯ ಪ್ರತಿ ಮೆಟ್ಟಿಲಿನ ಮಾಲೀಕ, ಗುಂಪು, ಪರ್ಮಿಷನ್ ಒಂದರ ಕೆಳಗೆ ಒಂದು ಬರುತ್ತದೆ. ಯಾವ ಫೋಲ್ಡರಿನ ಪರ್ಮಿಷನ್ನಿನ ಕೊನೆಯ ಅಕ್ಷರ ಎಕ್ಸ್ (ಆ 1ರ ಗುರುತು) ಅಲ್ಲವೋ, ಸಾಮಾನ್ಯವಾಗಿ ಅಲ್ಲೇ ಸಮಸ್ಯೆ. ಇದು ಇಷ್ಟು ಉಪಯೋಗದ ಕಮಾಂಡ್ ಆದರೂ ಬಳಸುವವರು ಯಾಕೋ ಕಡಿಮೆ.

ಇನ್ನೊಂದು ಪರೀಕ್ಷೆ ಇನ್ನೂ ನೇರ. ವೆಬ್ ಸರ್ವರ್ ಯಾವ ಯೂಸರಿನ ಹೆಸರಿನಲ್ಲಿ ಓಡುತ್ತದೋ ಆ ಯೂಸರಾಗಿಯೇ ಫೈಲನ್ನು ಓದಿ ನೋಡಿ. ಡೆಬಿಯನ್, ಉಬುಂಟುಗಳಲ್ಲಿ ಆ ಹೆಸರು ‘ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ’. ರೆಡ್‌ಹ್ಯಾಟ್ ಕುಟುಂಬದಲ್ಲಿ ‘ಅಪಾಚೆ’ ಅಥವಾ ‘ಎನ್‌ಜಿನ್ಎಕ್ಸ್’. ‘ಸುಡೊ -ಯು’ ಕೊಟ್ಟು, ಆ ಹೆಸರು ಬರೆದು, ‘ಕ್ಯಾಟ್’ ಕಮಾಂಡಿನಲ್ಲಿ ಫೈಲ್ ತೆರೆಯಿರಿ. ಅಲ್ಲಿ ತಡೆಯಾದರೆ ಪರ್ಮಿಷನ್ ಸಮಸ್ಯೆ ಅಂತ ಖಚಿತ. ಅಲ್ಲಿ ಚೆನ್ನಾಗಿ ಓದಿ, ಬ್ರೌಸರಿನಲ್ಲಿ ಮಾತ್ರ 403 ಬಂದರೆ ಸಾಮಾನ್ಯ ಪರ್ಮಿಷನ್ ಸರಿಯಾಗಿದೆ. ಎಸ್‌ಇಲಿನಕ್ಸ್ ಕಡೆಗೋ ಸರ್ವರ್ ನಿಯಮಗಳ ಕಡೆಗೋ ತಿರುಗಿ. ರೂಟ್ ಆಗಿ ಓದಿ ನೋಡಿ ‘ಎಲ್ಲ ಸರಿ ಇದೆ’ ಅನ್ನಬೇಡಿ. ರೂಟ್‌ಗೆ ಈ ಯಾವ ಅಂಕೆಯೂ ಲೆಕ್ಕಕ್ಕಿಲ್ಲ.

ಪರ್ಮಿಷನ್ ತಾನಾಗಿ ಕೆಡುವುದಿಲ್ಲ, ಏನೋ ಬದಲಾಗಿರುತ್ತದೆ. ಪದೇ ಪದೇ ಸಿಗುವ ಕಾರಣ ಕೆಲವಿವೆ. ಸೈಟನ್ನು ಹೋಮ್ ಫೋಲ್ಡರಿನೊಳಗೆ ಇಟ್ಟಿರುವುದು ಒಂದು. ಉಬುಂಟು 21.04ರಿಂದ ಹೊಸ ಯೂಸರಿನ ಹೋಮ್ ಫೋಲ್ಡರ್ 750ರಲ್ಲಿ ಹುಟ್ಟುತ್ತದೆ. ಅಂದರೆ ವೆಬ್ ಸರ್ವರಿಗೆ ಒಳಗೆ ಕಾಲಿಡಲೂ ಆಗುವುದಿಲ್ಲ. ಹಳೆಯ ಸರ್ವರಿನಲ್ಲಿ ನಡೆಯುತ್ತಿದ್ದ ಅದೇ ಸೆಟ್ಟಿಂಗ್ ಹೊಸದರಲ್ಲಿ ನಡೆಯದಿದ್ದರೆ ಇದನ್ನು ನೋಡಿ. ಹೋಮ್ ಫೋಲ್ಡರನ್ನು ಎಲ್ಲರಿಗೂ ತೆರೆಯುವ ಬದಲು ಸೈಟನ್ನೇ ‘/ವಾರ್’ ಅಡಿಯ ವೆಬ್ ಫೋಲ್ಡರಿಗೆ ಸಾಗಿಸುವುದು ಸರಿಯಾದ ದಾರಿ ಅಂತ ನನ್ನ ಅಭಿಪ್ರಾಯ.

ಎರಡನೆಯದು ಡಿಪ್ಲಾಯ್ ಸ್ಕ್ರಿಪ್ಟು, ಅಂದರೆ ಸೈಟಿನ ಫೈಲುಗಳನ್ನು ಸರ್ವರಿಗೆ ಹಾಕುವ ಸ್ಕ್ರಿಪ್ಟು. ‘ಎಂಕೆಟೆಂಪ್ -ಡಿ’ ಕೊಟ್ಟು ಮಾಡಿದ ತಾತ್ಕಾಲಿಕ ಫೋಲ್ಡರಿಗೆ 700 ಪರ್ಮಿಷನ್ ಇರುತ್ತದೆ. ಅದರಲ್ಲಿ ಸೈಟನ್ನು ಕಟ್ಟಿ, ಹೆಸರು ಬದಲಿಸಿ ಜಾಗಕ್ಕೆ ತಂದರೆ ಆ 700 ಜೊತೆಗೇ ಬರುತ್ತದೆ. ‘ಆರ್‌ಸಿಂಕ್ -ಎ’ ಕೂಡ ಮೂಲದ ಪರ್ಮಿಷನ್ನನ್ನು ಹಾಗೇ ತರುತ್ತದೆ. ಉಮಾಸ್ಕ್ (ಹೊಸ ಫೈಲಿಗೆ ಯಾವ ಅನುಮತಿ ಕೊಡಬಾರದು ಅನ್ನುವ ಅಂಕೆ) 077 ಅಂತ ಇರುವ ಅಕೌಂಟಿನಿಂದ ಫೈಲ್ ಹಾಕಿದರೆ ಪ್ರತಿ ಹೊಸ ಫೈಲೂ 600. ಹಳೆಯ ಪುಟಗಳೆಲ್ಲ ತೆರೆಯುತ್ತವೆ, ಇವತ್ತು ಹಾಕಿದ ಚಿತ್ರ ಮಾತ್ರ 403 ಅಂದರೆ ಇದೇ ಜಾತಿಯ ಸಮಸ್ಯೆ.

ತಿದ್ದುವಾಗ ಫೈಲಿಗೂ ಫೋಲ್ಡರಿಗೂ ಒಂದೇ ಅಂಕೆ ಕೊಡಬೇಡಿ. ಎಲ್ಲಕ್ಕೂ 644 ಕೊಟ್ಟರೆ ಫೋಲ್ಡರುಗಳ ಎಕ್ಸ್ ಹೋಗಿ ಇಡೀ ಸೈಟು 403 ಆಗುತ್ತದೆ. ಎಲ್ಲಕ್ಕೂ 755 ಕೊಟ್ಟರೆ ಬೇಡದ ಫೈಲುಗಳಿಗೂ ಓಡಿಸುವ ಅನುಮತಿ ಸಿಗುತ್ತದೆ. ‘ಫೈಂಡ್’ ಕಮಾಂಡಿನಲ್ಲಿ ‘-ಟೈಪ್ ಡಿ’ ಕೊಟ್ಟು ಫೋಲ್ಡರುಗಳಿಗೆ 755, ‘-ಟೈಪ್ ಎಫ್’ ಕೊಟ್ಟು ಫೈಲುಗಳಿಗೆ 644 ಕೊಡಿ. ಪಾಸ್‌ವರ್ಡ್ ಇರುವ ಸೆಟ್ಟಿಂಗ್ ಫೈಲುಗಳಿಗೆ, ವರ್ಡ್‌ಪ್ರೆಸ್ಸಿನ ‘ಡಬ್ಲ್ಯುಪಿ-ಕಾನ್ಫಿಗ್’ ಥರದವಕ್ಕೆ, ಮತ್ತೆ 640 ಮಾಡಿ. ಆಗ ಪಿಎಚ್‌ಪಿ ಓಡುವ ಯೂಸರು ಆ ಫೈಲಿನ ಮಾಲೀಕನಾಗಿರಬೇಕು, ಇಲ್ಲವೇ ಗುಂಪಿನಲ್ಲಿರಬೇಕು. ಇಲ್ಲದಿದ್ದರೆ ಸೈಟು ನಿಂತುಬಿಡುತ್ತದೆ.

ಮಾಲೀಕ ಯಾರು ಅನ್ನುವುದೂ ಮುಖ್ಯ. ವೆಬ್ ಸರ್ವರಿನ ಯೂಸರನ್ನೇ ಎಲ್ಲ ಫೈಲಿಗೂ ಮಾಲೀಕ ಮಾಡಿಬಿಡಿ ಅನ್ನುವ ಸಲಹೆ ತುಂಬ ಕಡೆ ಸಿಗುತ್ತದೆ. ಕೆಲಸ ನಡೆಯುತ್ತದೆ, ನಿಜ. ಆದರೆ ಸೈಟಿನ ಒಂದು ಪ್ಲಗಿನ್ನಿನಲ್ಲಿ ತೂತು ಸಿಕ್ಕರೆ ದಾಳಿ ಮಾಡುವವರು ನಿಮ್ಮ ಕೋಡನ್ನೇ ತಿದ್ದಬಹುದು. ಕೋಡಿಗೆ ಡಿಪ್ಲಾಯ್ ಮಾಡುವ ಯೂಸರ್ ಮಾಲೀಕನಾಗಿರಲಿ. ಅಪ್‌ಲೋಡ್, ಕ್ಯಾಶ್ ಥರದ ಬರೆಯಲೇಬೇಕಾದ ಫೋಲ್ಡರುಗಳು ಮಾತ್ರ ವೆಬ್ ಸರ್ವರಿನ ಕೈಯಲ್ಲಿರಲಿ. ವರ್ಡ್‌ಪ್ರೆಸ್ ತಾನೇ ಅಪ್‌ಡೇಟ್ ಆಗಬೇಕು ಅನ್ನುವವರಿಗೆ ಇದು ಸ್ವಲ್ಪ ಅಡಚಣೆ. ಅಷ್ಟು ಅಡಚಣೆ ತಡೆದುಕೊಳ್ಳುವುದು ಮೇಲು.

ಅಂಕೆಗಳೆಲ್ಲ ಸರಿ ಇದ್ದೂ ತಡೆಯಾದರೆ ‘ಎಲ್ಎಸ್ -ಎಲ್’ ತೋರಿಸುವ ಪರ್ಮಿಷನ್ ಕೊನೆಯಲ್ಲಿ ಕೂಡಿಸುವ ಚಿಹ್ನೆ (+) ಇದೆಯಾ ನೋಡಿ. ಇದ್ದರೆ ಎಸಿಎಲ್ (ಅಂಕೆಗಳ ಹೊರಗಿನ ಹೆಚ್ಚುವರಿ ಅನುಮತಿ ಪಟ್ಟಿ) ಇದೆ, ‘ಗೆಟ್‌ಎಫ್‌ಎಸಿಎಲ್’ ಅದನ್ನು ತೋರಿಸುತ್ತದೆ. ಸಿಸ್ಟಂಡಿ (ಸರ್ವಿಸುಗಳನ್ನು ಓಡಿಸುವ ವ್ಯವಸ್ಥೆ) ಸೆಟ್ಟಿಂಗಿನಲ್ಲಿ ‘ಪ್ರೊಟೆಕ್ಟ್‌ಹೋಮ್’ಗೆ ‘ಯೆಸ್’ ಅಂತ ಇದ್ದರೆ ಪರ್ಮಿಷನ್ ಎಷ್ಟೇ ಇದ್ದರೂ ಆ ಸರ್ವಿಸಿಗೆ ಹೋಮ್ ಫೋಲ್ಡರೊಳಗೆ ಹೋಗಲು ಆಗುವುದಿಲ್ಲ. ಡಾಕರಿನಲ್ಲಿ (ಆ್ಯಪನ್ನು ಪ್ರತ್ಯೇಕ ಕಂಟೇನರಿನಲ್ಲಿ ಓಡಿಸುವ ಸಾಧನ) ಯೂಸರ್ ಹೆಸರು ಬಿಡಿ, ಸಂಖ್ಯೆ ನೋಡಿ. ಕಂಟೇನರಿನ ಒಳಗಿನ ಯೂಸರ್ ಸಂಖ್ಯೆಗೂ ಹೊರಗಿನ ಫೈಲಿನ ಮಾಲೀಕನ ಸಂಖ್ಯೆಗೂ ಹೊಂದಿಕೆಯಾಗಬೇಕು.

ಎಸ್‌ಇಲಿನಕ್ಸ್

ರೆಡ್‌ಹ್ಯಾಟ್, ಫೆಡೋರಾ, ರಾಕಿ, ಆಲ್ಮಾ ಬಳಸುವವರಿಗೆ ಈ ಭಾಗ. ಲಾಗಿನಲ್ಲಿ 13 ಇದೆ, ಪರ್ಮಿಷನ್ ಎಲ್ಲ ಸರಿ, ‘ಸುಡೊ -ಯು’ ಪರೀಕ್ಷೆಯೂ ಪಾಸು. ಆಗ ‘ಎಲ್ಎಸ್ -ಝಡ್’ (ಝಡ್ ದೊಡ್ಡಕ್ಷರ) ಕೊಡಿ. ಫೈಲಿನ ಲೇಬಲ್ ಕಾಣುತ್ತದೆ. ವೆಬ್ ಫೈಲಿಗೆ ‘ಎಚ್‌ಟಿಟಿಪಿಡಿ_ಸಿಸ್_ಕಂಟೆಂಟ್_ಟಿ’ ಅನ್ನುವ ಲೇಬಲ್ ಇರಬೇಕು. ‘ಯೂಸರ್_ಹೋಮ್_ಟಿ’ ಅಂತ ಕಂಡರೆ ಕಾರಣ ಸಿಕ್ಕಿತು.

ಇದು ಹೇಗಾಗುತ್ತದೆ ಅಂದರೆ, ಫೈಲನ್ನು ಹೋಮ್ ಫೋಲ್ಡರಿಗೆ ಅಪ್‌ಲೋಡ್ ಮಾಡಿ ಅಲ್ಲಿಂದ ‘ಎಂವಿ’ ಕೊಟ್ಟು ಸಾಗಿಸಿರುತ್ತೀರಿ. ಸಾಗಿಸಿದಾಗ ಹಳೆಯ ಲೇಬಲ್ ಅಂಟಿಕೊಂಡೇ ಬರುತ್ತದೆ. ‘ಸಿಪಿ’ ಕೊಟ್ಟು ನಕಲು ಮಾಡಿದ್ದರೆ ಹೊಸ ಜಾಗದ ಲೇಬಲ್ ಸಿಗುತ್ತಿತ್ತು. ಸರಿಮಾಡಲು ‘ರೀಸ್ಟೋರ್‌ಕಾನ್ -ಆರ್‌ವಿ’ (ಆರ್ ದೊಡ್ಡಕ್ಷರ) ಕೊಟ್ಟು ಫೋಲ್ಡರ್ ಹೆಸರು ಬರೆದರೆ ಸಾಕು. ಸೈಟು ಬೇರೆಲ್ಲೋ ಹೊಸ ಜಾಗದಲ್ಲಿದ್ದರೆ ಮೊದಲು ‘ಎಸ್‌ಇಮ್ಯಾನೇಜ್ ಎಫ್‌ಕಾಂಟೆಕ್ಸ್ಟ್’ ಮೂಲಕ ಆ ಜಾಗಕ್ಕೆ ಯಾವ ಲೇಬಲ್ ಅಂತ ದಾಖಲಿಸಿ, ಆಮೇಲೆ ರೀಸ್ಟೋರ್‌ಕಾನ್ ಓಡಿಸಿ. ‘ಸಿಎಚ್‌ಕಾನ್’ ಕೊಟ್ಟು ಬದಲಿಸಿದ್ದು ಮುಂದೆ ಯಾವಾಗಲಾದರೂ ಲೇಬಲ್ ಹೊಸದಾಗಿ ಹಾಕಿದಾಗ ಅಳಿಸಿಹೋಗುತ್ತದೆ.

‘ಸೆಟ್‌ಎನ್‌ಫೋರ್ಸ್ 0’ ಕೊಟ್ಟು ಒಂದು ನಿಮಿಷ ಪರೀಕ್ಷಿಸುವುದು ತಪ್ಪಲ್ಲ. ಆಗ ಸೈಟು ತೆರೆದರೆ ಎಸ್‌ಇಲಿನಕ್ಸೇ ಕಾರಣ ಅಂತ ಗೊತ್ತಾಗುತ್ತದೆ. ತಕ್ಷಣ 1 ಕೊಟ್ಟು ಮತ್ತೆ ಚಾಲು ಮಾಡಿ, ಲೇಬಲ್ ಸರಿಮಾಡಿ. ಅದನ್ನು ಶಾಶ್ವತವಾಗಿ ಆರಿಸಿಡುವುದು ಪರಿಹಾರವಲ್ಲ.

ಮುಖಪುಟವೇ ಇಲ್ಲದಿದ್ದರೆ

ಡೊಮೇನ್ ತೆರೆದರೆ 403, ಆದರೆ ಒಳಗಿನ ಒಂದು ಪುಟದ ಪೂರ್ತಿ ಲಿಂಕ್ ಕೊಟ್ಟರೆ ತೆರೆಯುತ್ತದೆ. ಹೀಗಿದ್ದರೆ ಪರ್ಮಿಷನ್ ಬಿಟ್ಟುಬಿಡಿ. ಸರ್ವರಿಗೆ ಮುಖಪುಟದ ಫೈಲ್ ಸಿಕ್ಕಿಲ್ಲ, ಫೋಲ್ಡರಿನ ಪಟ್ಟಿ ತೋರಿಸಲು ಅನುಮತಿ ಇಲ್ಲ, ಅದಕ್ಕೆ 403. ಪಟ್ಟಿ ತೋರಿಸುವ ಸೆಟ್ಟಿಂಗ್ ಚಾಲು ಮಾಡಿ ‘ಸರಿಹೋಯಿತು’ ಅನ್ನಬೇಡಿ, ನಿಮ್ಮ ಎಲ್ಲ ಫೈಲುಗಳೂ ಊರಿಗೆಲ್ಲ ಕಾಣುತ್ತವೆ.

ಹೆಸರಿನ ಅಕ್ಷರ ನೋಡಿ. ವಿಂಡೋಸ್ ಮೆಷಿನ್ನಿನಲ್ಲಿ ದೊಡ್ಡಕ್ಷರದ ‘ಐ’ಯಿಂದ ಶುರುವಾಗುವ ಇಂಡೆಕ್ಸ್ ಫೈಲ್ ನಡೆಯುತ್ತದೆ, ಲಿನಕ್ಸಿನಲ್ಲಿ ಅದು ಬೇರೆಯೇ ಫೈಲು. ಝಿಪ್ ಬಿಚ್ಚಿದಾಗ ಸೈಟು ಇನ್ನೊಂದು ಫೋಲ್ಡರಿನೊಳಗೆ ಹೋಗಿ ಕೂತಿರಬಹುದು. ಲಾರಾವೆಲ್ ಥರದ ಫ್ರೇಮ್‌ವರ್ಕಿನಲ್ಲಿ ಸರ್ವರ್ ತೋರಿಸಬೇಕಾದ್ದು ‘ಪಬ್ಲಿಕ್’ ಫೋಲ್ಡರನ್ನು, ಪ್ರಾಜೆಕ್ಟಿನ ಬುಡವನ್ನಲ್ಲ. ಎನ್‌ಜಿನ್ಎಕ್ಸ್‌ನಲ್ಲಿ ‘ಇಂಡೆಕ್ಸ್’ ಸಾಲಿಗೆ ಪಿಎಚ್‌ಪಿ ಫೈಲಿನ ಹೆಸರು ಸೇರಿಸಿಲ್ಲದಿದ್ದರೂ ಇದೇ ಫಲಿತಾಂಶ.

ನಿಯಮಗಳೇ ತಡೆದಾಗ

‘.ಎಚ್‌ಟಿಆ್ಯಕ್ಸೆಸ್’ ಮೇಲೆ ಅನುಮಾನ ಇದ್ದರೆ ಅದರ ಹೆಸರು ಬದಲಿಸಿ ಪುಟ ತೆರೆದು ನೋಡಿ. ತೆರೆದರೆ ಅದರಲ್ಲೇ ಇದೆ. ಮೇಲಿನ ಫೋಲ್ಡರುಗಳಲ್ಲೂ ಇದೇ ಹೆಸರಿನ ಫೈಲ್ ಇರಬಹುದು, ಅವುಗಳ ನಿಯಮ ಕೆಳಗೂ ನಡೆಯುತ್ತದೆ.

ಚುಕ್ಕೆಯಿಂದ ಶುರುವಾಗುವ ಫೈಲುಗಳನ್ನೆಲ್ಲ ತಡೆಯುವ ನಿಯಮ ಒಳ್ಳೆಯದು, ಆದರೆ ಅದು ‘.ವೆಲ್-ನೋನ್’ ಫೋಲ್ಡರನ್ನೂ ತಡೆಯುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟಿನ ಎಚ್‌ಟಿಟಿಪಿ ಪರಿಶೀಲನೆ ನಡೆಯುವುದು ಅದೇ ಫೋಲ್ಡರಿನಲ್ಲಿ. ನಿಯಮ ಹಾಕಿದ ದಿನ ಏನೂ ಆಗುವುದಿಲ್ಲ, ಸರ್ಟಿಫಿಕೇಟ್ ನವೀಕರಣದ ಹೊತ್ತಿಗೆ 403 ಅಂತ ವಿಫಲವಾಗುತ್ತದೆ. ಅಷ್ಟರಲ್ಲಿ ನಿಯಮ ಹಾಕಿದ್ದೇ ಮರೆತುಹೋಗಿರುತ್ತದೆ. ಆ ಒಂದು ಫೋಲ್ಡರಿಗೆ ವಿನಾಯಿತಿ ಬರೆಯಿರಿ.

ಐಪಿ ನೋಡಿ ತಡೆಯುವ ನಿಯಮ ಇದ್ದು, ಮುಂದೆ ಪ್ರಾಕ್ಸಿ (ಸಿಡಿಎನ್ ಥರದ ಮಧ್ಯವರ್ತಿ) ಇದ್ದರೆ ಎಚ್ಚರ. ಸರ್ವರಿಗೆ ಕಾಣುವುದು ಪ್ರಾಕ್ಸಿಯ ಐಪಿ. ಒಬ್ಬರನ್ನು ತಡೆದರೆ ಎಲ್ಲರಿಗೂ ತಡೆಯಾಗುತ್ತದೆ. ಅಪಾಚೆಯಲ್ಲಿ ‘ಮಾಡ್_ರಿಮೋಟ್‌ಐಪಿ’, ಎನ್‌ಜಿನ್ಎಕ್ಸ್‌ನಲ್ಲಿ ‘ರಿಯಲ್ ಐಪಿ’ ಮಾಡ್ಯೂಲ್ ಬಳಸಿ ನಿಜವಾದ ಐಪಿಯನ್ನು ತರಬೇಕು. ನಂಬುವ ಪ್ರಾಕ್ಸಿಗಳ ಪಟ್ಟಿಯನ್ನೂ ಕೊಡಬೇಕು. ಇಲ್ಲದಿದ್ದರೆ ಯಾರು ಬೇಕಾದರೂ ಹೆಡರಿನಲ್ಲಿ ಸುಳ್ಳು ಐಪಿ ಬರೆದು ಒಳಗೆ ಬರಬಹುದು. ಐಪಿವಿ4 ವಿಳಾಸಕ್ಕೆ ಮಾತ್ರ ಅನುಮತಿ ಬರೆದು, ಬಳಸುವವರು ಐಪಿವಿ6ರಲ್ಲಿ ಬಂದಾಗಲೂ 403 ಬರುತ್ತದೆ. ಆ್ಯಕ್ಸೆಸ್ ಲಾಗಿನ ಮೊದಲ ಅಂಕಣ ನೋಡಿದರೆ ಗೊತ್ತಾಗುತ್ತದೆ.

ವಿಂಡೋಸಿನ ವೆಬ್ ಸರ್ವರ್ ಆದ ಐಐಎಸ್‌ನಲ್ಲಿ ಲಾಗಿನ ಉಪಸಂಖ್ಯೆ ನೋಡಿ. 403.14 ಮುಖಪುಟ ಇಲ್ಲದ್ದಕ್ಕೆ, 403.4 ಎಚ್‌ಟಿಟಿಪಿಎಸ್ ಬೇಕು ಅನ್ನುವುದಕ್ಕೆ, 403.6 ಐಪಿ ತಡೆಗೆ, 403.7 ಕ್ಲೈಂಟ್ ಸರ್ಟಿಫಿಕೇಟ್ ಬೇಕು ಅನ್ನುವುದಕ್ಕೆ.

ಸೇವ್ ಒತ್ತಿದಾಗ ಮಾತ್ರ 403

ಪುಟಗಳೆಲ್ಲ ತೆರೆಯುತ್ತವೆ. ಒಂದು ಲೇಖನ ಸೇವ್ ಮಾಡಲು ಹೋದರೆ ಮಾತ್ರ 403. ಬೇರೆ ಲೇಖನ ಸೇವ್ ಆಗುತ್ತದೆ, ಇದು ಆಗುವುದಿಲ್ಲ. ಹೀಗಿದ್ದರೆ ಹೆಚ್ಚಾಗಿ ಅದು ಮಾಡ್‌ಸೆಕ್ಯುರಿಟಿ ಥರದ ವೆಬ್ ಫೈರ್‌ವಾಲ್. ನಿಮ್ಮ ಬರಹದಲ್ಲಿ ಡೇಟಾಬೇಸ್ ಕಮಾಂಡ್ ಥರ ಕಾಣುವ ಏನೋ ಇದೆ, ಅದು ದಾಳಿ ಅಂತ ಅಂದುಕೊಂಡಿದೆ.

ಎರರ್ ಲಾಗಿನಲ್ಲಿ ನಿಯಮದ ಸಂಖ್ಯೆ ಸಿಗುತ್ತದೆ. ಇಲ್ಲೊಂದು ಎಡವಟ್ಟು ತುಂಬ ಕಾಣುತ್ತದೆ. ಮಾಡ್‌ಸೆಕ್ಯುರಿಟಿ ಜೊತೆ ಬಳಸುವ ಓವಾಸ್ಪ್ ನಿಯಮಾವಳಿಯಲ್ಲಿ ತಡೆಯುವ ಕೆಲಸ ಮಾಡುವುದು 949110 ಅನ್ನುವ ನಿಯಮ. ಅದು ತಾನಾಗಿ ಏನನ್ನೂ ಪತ್ತೆ ಮಾಡುವುದಿಲ್ಲ, ಬೇರೆ ನಿಯಮಗಳು ಕೊಟ್ಟ ಅಂಕ ಕೂಡಿಸಿ, ಮಿತಿ ಮುಟ್ಟಿದರೆ ತಡೆಯುತ್ತದೆ. ಮಿತಿ ಸಾಮಾನ್ಯವಾಗಿ 5. ಲಾಗಿನಲ್ಲಿ ಅದರ ಹೆಸರು ಎದ್ದು ಕಾಣುತ್ತದೆ ಅಂತ ಅದನ್ನೇ ತೆಗೆದರೆ ಬರುವ ರಿಕ್ವೆಸ್ಟುಗಳನ್ನು ಅಂಕ ನೋಡಿ ತಡೆಯುವುದೇ ನಿಂತುಹೋಗುತ್ತದೆ. ಅದೇ ರಿಕ್ವೆಸ್ಟಿನ ಯುನೀಕ್ ಐಡಿ ಹಿಡಿದು ಹುಡುಕಿ. ಮೊದಲು ಅಂಕ ಕೊಟ್ಟ ನಿಯಮ ಸಿಗುತ್ತದೆ, ಎಸ್‌ಕ್ಯುಎಲ್ ಇಂಜೆಕ್ಷನ್ ಹಿಡಿಯುವ 942100 ಥರದ್ದು. ಅದಕ್ಕೆ ಮಾತ್ರ, ಆ ಪುಟಕ್ಕೆ ಮಾತ್ರ, ಸಾಧ್ಯವಾದರೆ ಆ ಫಾರ್ಮಿನ ಆ ಒಂದು ಅಂಕಣಕ್ಕೆ ಮಾತ್ರ ವಿನಾಯಿತಿ ಕೊಡಿ.

ಯಾವ ಲೇಖನವೂ ಸೇವ್ ಆಗದಿದ್ದರೆ ಟೋಕನ್ ನೋಡಿ. ವರ್ಡ್‌ಪ್ರೆಸ್ಸಿನಲ್ಲಿ ನಾನ್ಸ್ ಅನ್ನುವ ಈ ಟೋಕನ್ ಹೆಚ್ಚೆಂದರೆ 24 ಗಂಟೆ ನಡೆಯುತ್ತದೆ. ಪೇಜ್ ಕ್ಯಾಶ್ ಅದಕ್ಕಿಂತ ಹಳೆಯ ಪುಟ ಕೊಡುತ್ತಿದ್ದರೆ ಅದರಲ್ಲಿರುವ ಫಾರ್ಮು 403 ಆಗುತ್ತದೆ. ಜ್ಯಾಂಗೊ ಫ್ರೇಮ್‌ವರ್ಕನ್ನು 4.0ಕ್ಕೆ ಏರಿಸಿದ ಮೇಲೆ ಶುರುವಾಗಿದ್ದರೆ ನಂಬುವ ಮೂಲಗಳ ಪಟ್ಟಿ ನೋಡಿ. ಅಲ್ಲಿ ಬರೀ ಡೊಮೇನ್ ಸಾಲದು, ಮುಂದೆ ‘ಎಚ್‌ಟಿಟಿಪಿಎಸ್://’ ಕೂಡ ಇರಬೇಕು. ವರ್ಡ್‌ಪ್ರೆಸ್ಸಿನ ಸೆಕ್ಯುರಿಟಿ ಪ್ಲಗಿನ್ ನಿಮ್ಮನ್ನೇ ಹೊರಗೆ ಹಾಕಿದ್ದರೆ ಎಸ್‌ಎಫ್‌ಟಿಪಿಯಲ್ಲಿ ಆ ಪ್ಲಗಿನ್ ಫೋಲ್ಡರಿನ ಹೆಸರು ಬದಲಿಸಿ ಒಳಗೆ ಬನ್ನಿ.

ಎಸ್3 ಬಳಸುವವರಿಗೆ ಎರಡು ಮಾತು. 2023ರ ಏಪ್ರಿಲ್‌ನಿಂದ ಹೊಸ ಬಕೆಟ್ಟುಗಳಲ್ಲಿ ಸಾರ್ವಜನಿಕ ಪ್ರವೇಶದ ತಡೆ ಮೊದಲೇ ಚಾಲು ಇರುತ್ತದೆ. ಪಾಲಿಸಿ ಸರಿ ಬರೆದರೂ ಅದು ತಡೆಯುತ್ತದೆ. ಸಹಿ ಮಾಡಿದ ರಿಕ್ವೆಸ್ಟ್ 403 ಆದರೆ ನಿಮ್ಮ ಮೆಷಿನ್ನಿನ ಗಡಿಯಾರ ನೋಡಿ, 15 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಒಪ್ಪುವುದಿಲ್ಲ.

ಸರಿಹೋದ ಮೇಲೆ

ಪುಟ ತೆರೆಯಿತು ಅಂತ ಎದ್ದು ಹೋಗಬೇಡಿ. ತಡೆಯಲೇಬೇಕಾದದ್ದು ಇನ್ನೂ ತಡೆಯುತ್ತಿದೆಯಾ ನೋಡಿ. ‘.ಇಎನ್‌ವಿ’, ‘.ಗಿಟ್’ ಒಳಗಿನ ಕಾನ್ಫಿಗ್, ಡೇಟಾಬೇಸ್ ಬ್ಯಾಕಪ್, ಇವನ್ನು ಬ್ರೌಸರಿನಲ್ಲಿ ಕೇಳಿ. 403 ಅಥವಾ 404 ಬರಬೇಕು. ಒಳಗಿನ ವಿಷಯ ಕಾಣಿಸಿದರೆ ನಿಮ್ಮ ತಿದ್ದುಪಡಿ ಹೆಚ್ಚಾಗಿದೆ, ಮತ್ತು ಆ ಪಾಸ್‌ವರ್ಡುಗಳನ್ನೆಲ್ಲ ಬದಲಿಸಬೇಕು. ಹುಡುಕುವಾಗ ತಾತ್ಕಾಲಿಕವಾಗಿ ಕೊಟ್ಟ 777, ಆರಿಸಿದ ಎಸ್‌ಇಲಿನಕ್ಸ್, ಹೆಸರು ಬದಲಿಸಿದ ‘.ಎಚ್‌ಟಿಆ್ಯಕ್ಸೆಸ್’, ಎಲ್ಲವನ್ನೂ ಮೊದಲಿನಂತೆ ಮಾಡಿ. ಸಿಡಿಎನ್ ಹಳೆಯ 403ನ್ನೇ ಹಿಡಿದಿಟ್ಟುಕೊಂಡಿದ್ದರೆ ಅದರ ಕ್ಯಾಶ್ ತೆಗೆಯಿರಿ.

ಆಮೇಲೆ ಡಿಪ್ಲಾಯ್ ಸ್ಕ್ರಿಪ್ಟನ್ನು ಇನ್ನೊಮ್ಮೆ ಓಡಿಸಿ, ಅಪ್‌ಲೋಡ್ ಫೋಲ್ಡರಿಗೆ ಒಂದು ಹೊಸ ಚಿತ್ರ ಹಾಕಿ, ಎರಡನ್ನೂ ಬ್ರೌಸರಿನಲ್ಲಿ ತೆರೆಯಿರಿ. ಮತ್ತೆ 403 ಬಂದರೆ ನೀವು ಫೈಲುಗಳನ್ನು ಮಾತ್ರ ತಿದ್ದಿದ್ದೀರಿ, ಅವುಗಳಿಗೆ ತಪ್ಪು ಪರ್ಮಿಷನ್ ಕೊಡುವ ಸ್ಕ್ರಿಪ್ಟು ಹಾಗೇ ಇದೆ. ಈಗ ತಿದ್ದಬೇಕಾದ್ದು ಅದನ್ನು.